ಮನೆಯ ದೂರವಾಣಿಯೂ ಶ್ರಾವಕನ ಪರಿಮಾಣವೂ

ವ್ರತವೆಂದೊಡನೆ ಶ್ರಾವಕರ ಮನಸ್ಸು ಅಷ್ಟಮಿ ಚತುರ್ದಶಿಗಳ ಉಪವಾಸ, ಅನಂತನ ನೋಂಪಿ, ರಾತ್ರಿಭೋಜನ ತ್ಯಾಗ, ಕಂದಮೂಲ ತ್ಯಾಗ ಇವುಗಳತ್ತ ಹರಿಯುತ್ತದೆ. ಇವು ಕಣ್ಣಿಗೆ ಕಾಣುವ ವ್ರತಗಳು. ಪಾಲಿಸಿದವರಿಗೂ ನೋಡಿದವರಿಗೂ ಇವುಗಳ ಲೆಕ್ಕ ತಿಳಿದಿರುತ್ತದೆ. ಪಂಚಾಣುವ್ರತಗಳಲ್ಲಿ ಐದನೆಯದಾದ ಪರಿಗ್ರಹ ಪರಿಮಾಣದ ಸ್ಥಿತಿ ಹಾಗಲ್ಲ. ಮನೆಯ ಮೂಲೆಯಲ್ಲಿ ಕುಳಿತಿರುವ ಒಂದು ವಸ್ತುವನ್ನು ಇಟ್ಟುಕೊಳ್ಳೋಣವೋ ಬಿಡೋಣವೋ ಎಂದು ಮನೆಯವರು ಮಾತಾಡಿಕೊಳ್ಳುವ ಸಾಮಾನ್ಯ ದಿನದಲ್ಲಿಯೇ ಅದರ ಪರೀಕ್ಷೆ ನಡೆಯುತ್ತದೆ. ಪರೀಕ್ಷೆ ನಡೆದದ್ದು ಅನೇಕರ ಗಮನಕ್ಕೆ ಬಾರದೆಯೇ ಹೋಗುತ್ತದೆ.

ಅಂಥ ವಸ್ತುಗಳಲ್ಲಿ ಇಂದು ಮನೆಯ ಸ್ಥಿರ ದೂರವಾಣಿಯೂ ಒಂದು. ಒಂದು ಕಾಲದಲ್ಲಿ ವರ್ಷಗಟ್ಟಲೆ ಕಾದು ಪಡೆದ ಈ ಯಂತ್ರವನ್ನು ಈಗ ಬಿಟ್ಟುಕೊಡುವುದೇ ಲೇಸೆಂದು ಹಲವು ಮನೆಗಳು ಬಿಟ್ಟಾಗಿದೆ. ಉಳಿದ ಮನೆಗಳಲ್ಲಿ ವಿಚಾರ ನಡೆದಿದೆ. ಇದು ತಿಂಗಳ ಖರ್ಚಿನ ಮಾತು, ಇದರಲ್ಲಿ ಧರ್ಮದ ವಿಷಯವೇನಿದೆ ಎಂದು ಕೆಲವರು ಕೇಳಬಹುದು. ಖರ್ಚಿನ ಮಾತಾಗಿ ನೋಡಿದರೆ ಅದು ಎರಡು ನಿಮಿಷದಲ್ಲಿ ಮುಗಿಯತಕ್ಕ ಮಾತೇ ಸರಿ. ಆದರೆ ಬೆಳಗಾವಿ ಸೀಮೆಯ ಒಂದು ಶ್ರಾವಕರ ಮನೆಯಲ್ಲಿ ಅದು ಎರಡು ನಿಮಿಷದಲ್ಲಿ ಮುಗಿಯಲಿಲ್ಲ. ಆ ಮನೆಯ ಸಂಗತಿಯನ್ನು ಆಗಮದ ಬೆಳಕಿನಲ್ಲಿಟ್ಟು ನೋಡಿದರೆ ಉಳಿದವರಿಗೂ ದಾರಿ ಕಂಡೀತು.

ಆ ಮನೆಯ ಹಿರಿಯರು ಪತಿಪತ್ನಿಯರಿಬ್ಬರೂ 1988ರ ಚಾತುರ್ಮಾಸ್ಯದಲ್ಲಿ ಮುನಿಮಹಾರಾಜರೊಬ್ಬರ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣವನ್ನು ಸ್ವೀಕರಿಸಿದ್ದರು. ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಶಯನಾಸನ, ಯಾನ, ಕುಪ್ಯ, ಭಾಂಡವೆಂಬ ಹತ್ತು ಬಗೆಯ ಬಾಹ್ಯ ಪರಿಗ್ರಹಗಳನ್ನು ಯಜಮಾನರು ಒಂದು ವಹಿಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು. ಇಷ್ಟು ಎಕರೆ, ಇಷ್ಟು ಎತ್ತು, ಇಷ್ಟು ಪಾತ್ರೆ, ಇಷ್ಟು ಪೆಟ್ಟಿಗೆ ಎಂದು ಬರೆದ ಮೇಲೆ ಅದರಾಚೆಗೆ ಒಂದು ಚಮಚವೂ ಮನೆಗೆ ಬರಲಿಲ್ಲವೆಂದು ಹೇಳುತ್ತಾರೆ. 1991ರಲ್ಲಿ ಮನೆಗೆ ದೂರವಾಣಿ ಬಂದಾಗ ಯಜಮಾನರು ಒಂದು ದಿನವೆಲ್ಲ ಯೋಚಿಸಿದರು. ಕೊನೆಗೆ ಮನೆಯಲ್ಲಿದ್ದ ರೇಡಿಯೋವನ್ನು ಇನ್ನೊಬ್ಬರಿಗೆ ಕೊಟ್ಟು, ವಹಿಯಲ್ಲಿ ಆ ಹೆಸರನ್ನು ಹೊಡೆದು, ಅದೇ ಸಾಲಿನಲ್ಲಿ ದೂರವಾಣಿಯೆಂದು ಬರೆದರು. ಸಂಖ್ಯೆ ಹೆಚ್ಚಲಿಲ್ಲ. ವ್ರತಕ್ಕೆ ಭಂಗವೂ ಬರಲಿಲ್ಲ.

ಆ ದಿನಗಳಲ್ಲಿ ದೂರವಾಣಿಯೆಂದರೆ ಎಷ್ಟು ದೊಡ್ಡ ಮಾತಾಗಿತ್ತೆಂಬುದನ್ನು ಈಗಿನ ಮಕ್ಕಳಿಗೆ ತಿಳಿಯಹೇಳಬೇಕಾಗಿದೆ. ಭಾರತದಲ್ಲಿ 1882ರಲ್ಲಿ ಕಲ್ಕತ್ತೆಯಲ್ಲಿ ದೂರವಾಣಿ ವಿನಿಮಯ ಕೇಂದ್ರ ತೆರೆಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಆರಂಭವಾಯಿತು. ಅದರ ಸುತ್ತ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು. ಆದರೂ ಹಳ್ಳಿಗಳಿಗೆ ಅದು ದೂರದ ಮಾತಾಗಿಯೇ ಉಳಿದಿತ್ತು. ಪರಊರಿಗೆ ಮಾತಾಡಬೇಕಾದರೆ ಅಂಚೆ ಕಚೇರಿಗೆ ಹೋಗಿ, ಸಾಮಾನ್ಯ, ಅರ್ಜೆಂಟ್, ಲೈಟ್ನಿಂಗ್ ಎಂಬ ದರಗಳಲ್ಲಿ ಒಂದನ್ನು ಆರಿಸಿ, ಟ್ರಂಕ್ ಕಾಲ್ ಬರೆಯಿಸಿ, ಬಾಗಿಲಲ್ಲಿ ಕುಳಿತು ಕಾಯಬೇಕಾಗಿತ್ತು. ಸಿ-ಡಾಟ್ ಸಂಸ್ಥೆಯು 1984ರಲ್ಲಿ ಸ್ಥಾಪಿತವಾಗಿ, ಹಳ್ಳಿಗಳ ಸೆಕೆ ಧೂಳುಗಳನ್ನು ತಾಳಬಲ್ಲ ಚಿಕ್ಕ ವಿನಿಮಯ ಯಂತ್ರವನ್ನು ರೂಪಿಸಿತು. ಅಂಥ ಯಂತ್ರವನ್ನು 1986ರಲ್ಲಿ ಮೊಟ್ಟಮೊದಲು ನೆಟ್ಟದ್ದು ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿಯೇ. ಅಲ್ಲಿಂದ ಮುಂದೆ ಸುತ್ತಲಿನ ಹಳ್ಳಿಗಳಿಗೆ ತಂತಿ ಹರಿದು ಬಂದಿತು. ಆ ಮನೆಯ ದೂರವಾಣಿಯೂ ಹಾಗೆ ಬಂದುದೇ.

ಮೂವತ್ತು ವರ್ಷಗಳ ಬಳಿಕ ಕಾಲ ತಿರುಗಿತು. 1995ರಲ್ಲಿ ದೇಶಕ್ಕೆ ಬಂದ ಮೊಬೈಲ್ ಎಲ್ಲರ ಕೈ ಸೇರಿತು. ತಂತಿ ಸಂದೇಶದ ಸೇವೆ 2013ರ ಜುಲೈಯಲ್ಲಿ ನಿಂತೇ ಹೋಯಿತು. 2022ರ ಶ್ರಾವಣ ಮಾಸದಲ್ಲಿ ಆ ಮನೆಗೂ ಒಂದು ಸೂಚನೆ ಬಂದಿತು. ಹಳೆಯ ತಾಮ್ರದ ತಂತಿಯನ್ನು ತೆಗೆಯಲಾಗುವುದು. ದೂರವಾಣಿ ಬೇಕಾದವರು ಗಾಜಿನ ಎಳೆಯ ಹೊಸ ಸಂಪರ್ಕಕ್ಕೆ ಬದಲಾಗಬೇಕು. ಬೇಡವಾದವರು ಯಂತ್ರವನ್ನು ಒಪ್ಪಿಸಿ ಠೇವಣಿ ಹಿಂದಕ್ಕೆ ಪಡೆಯಬಹುದು. ಯಜಮಾನರು 2011ರಲ್ಲಿಯೇ ತೀರಿಕೊಂಡಿದ್ದರು. ತಾಯಿಗೆ ಎಪ್ಪತ್ತಾರು ವರ್ಷ. ಮಗನು ತಾಯಿಯ ಬಳಿ ಬಂದು ಹೇಳಿದನು:

"ಅವ್ವಾ, ಮನ್ಯಾಗ ನಾಕು ಮೊಬೈಲ್ ಅದಾವ. ಇದಕ್ಕ ಬರೋ ಫೋನು ಬರೇ ಸಾಲ ಬೇಕೇನು ಅಂತ ಕೇಳವರದು. ತಗಸಿಬಿಡೋಣು."

ತಾಯಿ ತಕ್ಷಣ ಉತ್ತರಿಸಲಿಲ್ಲ. "ಪರ್ವ ಮುಗೀಲಿ, ಆಮ್ಯಾಲ ನೋಡೂಣು" ಎಂದಷ್ಟೆ ಹೇಳಿದರು.

ಮಗನ ಮಾತು ತಪ್ಪೆನ್ನುವಂತಿಲ್ಲ. ಆದರೆ ಅದನ್ನು ತ್ಯಾಗವೆಂದು ಕರೆಯುವಂತೆಯೂ ಇಲ್ಲ. ಪರಿಗ್ರಹವೆಂಬುದಕ್ಕೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಕೊಟ್ಟ ಲಕ್ಷಣವು ವಸ್ತುವನ್ನು ಕುರಿತದ್ದಲ್ಲ, ಮೂರ್ಛೆಯನ್ನು ಕುರಿತದ್ದು. ಇದು ನನ್ನದೆಂಬ ಮಮಕಾರ ಎಲ್ಲಿದೆಯೋ ಅಲ್ಲಿ ಪರಿಗ್ರಹವಿದೆ. ಮಮಕಾರವು ಬತ್ತಿದ ವಸ್ತುವನ್ನು ಹೊರಗೆ ಹಾಕುವುದು ಮನೆಯನ್ನು ಗುಡಿಸಿದಂತೆ. ಗುಡಿಸುವುದು ಒಳ್ಳೆಯ ಕೆಲಸ, ಆದರೆ ಕಸವನ್ನು ಬಿಟ್ಟೆನೆಂದು ಯಾರೂ ವ್ರತದ ಫಲವನ್ನು ಬಯಸುವುದಿಲ್ಲ. ನಾಲ್ಕು ಮೊಬೈಲ್‌ಗಳು ಮನೆಯಲ್ಲಿರುವಾಗ ಐದನೆಯದಾದ ಹಳೆಯ ಯಂತ್ರವನ್ನು ಬಿಟ್ಟವನು ತನ್ನ ಮೂರ್ಛೆಯನ್ನು ಒಂದು ಕೂದಲಿನಷ್ಟೂ ಕಡಿಮೆ ಮಾಡಿಕೊಂಡಿಲ್ಲ. ಅವನ ಮೂರ್ಛೆಯಿರುವುದು ಅಂಗಿಯ ಜೇಬಿನಲ್ಲಿ. ಅದನ್ನು ಮುಟ್ಟದೆ ಮೂಲೆಯ ಯಂತ್ರವನ್ನು ತ್ಯಜಿಸುವುದು ಎಣಿಕೆಯನ್ನು ತಿದ್ದಿದಂತಾಯಿತೇ ಹೊರತು ಪರಿಮಾಣವನ್ನು ತಗ್ಗಿಸಿದಂತಾಗಲಿಲ್ಲ.

ಹಾಗಾದರೆ ದೂರವಾಣಿಯನ್ನು ಉಳಿಸಿಕೊಳ್ಳುವುದೇ ಧರ್ಮವೆಂದು ಹೇಳಬಹುದೆ? ಅದಕ್ಕೂ ಆಗಮದ ಮಾತನ್ನು ಕೇಳಬೇಕು.

ಗೃಹಸ್ಥನು ದಿಗ್ವ್ರತದಿಂದ ಜೀವಮಾನಕ್ಕೆ ಒಂದು ಎಲ್ಲೆಯನ್ನು ಹಾಕಿಕೊಳ್ಳುತ್ತಾನೆ. ಅದರೊಳಗೆ ಇನ್ನೂ ಕಿರಿದಾದ ಎಲ್ಲೆಯನ್ನು ಕೆಲಕಾಲಕ್ಕೆ ಹಾಕಿಕೊಳ್ಳುವುದು ದೇಶಾವಕಾಶಿಕ ವ್ರತ. ಈ ಎಲ್ಲೆಯು ಮನೆಯಾಗಿರಬಹುದು, ಊರಾಗಿರಬಹುದು, ಹೊಲವೋ ನದಿಯೋ ಆಗಿರಬಹುದು. ಕಾಲವು ಒಂದು ವರ್ಷ, ಒಂದು ಋತು, ಒಂದು ತಿಂಗಳು, ಒಂದು ಪಕ್ಷ ಹೀಗೆ ಇರಬಹುದೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿವರಿಸಿದ್ದಾರೆ. ಈ ವ್ರತಕ್ಕೆ ಐದು ಅತಿಚಾರಗಳುಂಟು. ಎಲ್ಲೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವುದು ಆನಯನ. ತಾನು ಹೋಗದೆ ಇನ್ನೊಬ್ಬನನ್ನು ಕಳಿಸುವುದು ಪ್ರೇಷ್ಯಪ್ರಯೋಗ. ಎಲ್ಲೆಯೊಳಗೆ ನಿಂತು ದನಿಯಿಂದ ಹೊರಗಿನವರನ್ನು ಎಚ್ಚರಿಸುವುದು ಶಬ್ದಾನುಪಾತ. ತನ್ನ ರೂಪವನ್ನು ತೋರಿಸಿ ಸನ್ನೆಮಾಡುವುದು ರೂಪಾನುಪಾತ. ಹೆಂಟೆ ಮೊದಲಾದುವನ್ನು ಎಸೆದು ಸೂಚಿಸುವುದು ಪುದ್ಗಲಕ್ಷೇಪ.

ಪೂಜ್ಯಪಾದಾಚಾರ್ಯರು ತಮ್ಮ ಸರ್ವಾರ್ಥಸಿದ್ಧಿಯಲ್ಲಿ ಶಬ್ದಾನುಪಾತಕ್ಕೆ ಕೊಟ್ಟ ಉದಾಹರಣೆ ಹೊರಗೆ ಕೆಲಸಮಾಡುವವರನ್ನು ಉದ್ದೇಶಿಸಿ ಕೆಮ್ಮುವುದು. ಒಂದು ಕೆಮ್ಮಿನಲ್ಲಿಯೂ ವ್ರತವು ಸೋರಿಹೋಗಬಹುದೆಂದು ಕಂಡ ಆಚಾರ್ಯರ ಸೂಕ್ಷ್ಮದೃಷ್ಟಿ ಆಶ್ಚರ್ಯಕರವಾದುದು. ಕಾಲನ್ನು ಎಲ್ಲೆಯೊಳಗಿಟ್ಟು ಇಚ್ಛೆಯನ್ನು ಹೊರಗೆ ಕಳಿಸಿದರೆ ಹೊರಗೆ ಹೋದದ್ದು ತಾನೇ ಎಂಬುದು ಅವರ ಅಭಿಪ್ರಾಯ. ಹೀಗಿರಲು, ಪರ್ವದ ದಿನ ಮನೆಯನ್ನೇ ಎಲ್ಲೆಯಾಗಿ ಮಾಡಿಕೊಂಡು ಕುಳಿತ ಶ್ರಾವಕನು ದೂರವಾಣಿಯಲ್ಲಿ ಮಾರುಕಟ್ಟೆಯ ಬೆಲ್ಲದ ಧಾರಣೆಯನ್ನು ವಿಚಾರಿಸಿದರೆ ಅದು ಶಬ್ದಾನುಪಾತವಲ್ಲದೆ ಮತ್ತೇನು? ಇನ್ನು ಇಂದಿನ ಮೊಬೈಲ್ ಒಂದರಲ್ಲಿಯೇ ದನಿಯೂ ಹೋಗುತ್ತದೆ, ರೂಪವೂ ಹೋಗುತ್ತದೆ, ಬರಹವೂ ಹೋಗುತ್ತದೆ, ಬೇಕಾದ ವಸ್ತುವು ಮನೆಬಾಗಿಲಿಗೆ ಬರುತ್ತದೆ. ಐದು ಅತಿಚಾರಗಳಿಗೂ ಅಂಗೈಯಗಲದಲ್ಲಿ ಸ್ಥಳ ದೊರೆತಂತಾಗಿದೆ.

ಈ ದೃಷ್ಟಿಯಿಂದ ನೋಡಿದರೆ ಮನೆಯ ಸ್ಥಿರ ದೂರವಾಣಿಗೆ ಒಂದು ಗುಣವಿದೆ. ಅದು ಇದ್ದಲ್ಲಿಯೇ ಇರುತ್ತದೆ. ಅದನ್ನು ಬಿಟ್ಟು ಎದ್ದುಹೋಗಬಹುದು. ಬಸದಿಗೆ ಹೊರಟವನ ಹಿಂದೆ ಅದು ಬರುವುದಿಲ್ಲ, ಸಾಮಾಯಿಕಕ್ಕೆ ಕುಳಿತವನ ತೊಡೆಯ ಬಳಿ ನಡುಗುವುದಿಲ್ಲ. ಅದು ಮೊಳಗುವುದು ಮನೆಗಾಗಿ, ಒಬ್ಬ ವ್ಯಕ್ತಿಗಾಗಿ ಅಲ್ಲ. ಪಡಸಾಲೆಯಲ್ಲಿ ಆಡಿದ ಮಾತಿಗೆ ಮನೆಯವರೆಲ್ಲರೂ ಸಾಕ್ಷಿ. ಅನರ್ಥದಂಡಗಳಲ್ಲಿ ದುಃಶ್ರುತಿಯನ್ನೂ, ಆ ವ್ರತದ ಅತಿಚಾರಗಳಲ್ಲಿ ಮೌಖರ್ಯವೆಂಬ ಅತಿಮಾತನ್ನೂ ಆಚಾರ್ಯರು ಹೇಳಿದ್ದಾರೆ. ಹತ್ತು ಜನರ ನಡುವೆ ನಿಂತು ಮಾತಾಡುವವನಿಗೆ ಪರನಿಂದೆಗೆ ನಾಲಿಗೆ ಏಳುವುದು ಕಡಿಮೆ, ಬಹಳ ಹೊತ್ತು ನಿಂತಿರಲು ಕಾಲು ಸೋಲುವುದರಿಂದ ಅತಿಮಾತೂ ಕಡಿಮೆ. ತಾಮ್ರದ ತಂತಿಗೆ ಇನ್ನೊಂದು ಉಪಯೋಗವೂ ಇತ್ತು. ಅದಕ್ಕೆ ಬೇಕಾದ ವಿದ್ಯುತ್ತು ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ ಬರುತ್ತಿದ್ದುದರಿಂದ ಊರೆಲ್ಲ ಕತ್ತಲಾದಾಗಲೂ ಅದು ನುಡಿಯುತ್ತಿತ್ತು. ಗಾಜಿನ ಎಳೆಗೆ ಆ ಶಕ್ತಿಯಿಲ್ಲ. ಮನೆಯ ಕರೆಂಟು ಹೋದರೆ, ಬೇರೆ ಬ್ಯಾಟರಿ ಇಲ್ಲದಿದ್ದಲ್ಲಿ, ಅದೂ ಸುಮ್ಮನಾಗುತ್ತದೆ.

ಬಿಡುವವನ ಎದುರಿಗೆ ಮತ್ತೊಂದು ಪ್ರಶ್ನೆಯೂ ನಿಲ್ಲುತ್ತದೆ. ಬಿಟ್ಟುದರ ಭಾರವನ್ನು ಯಾರು ಹೊರುತ್ತಾರೆ? ಜೈನಧರ್ಮದಲ್ಲಿ ಕರ್ಮವು ಕೃತ, ಕಾರಿತ, ಅನುಮೋದನವೆಂದು ಮೂರು ಬಗೆಯಿಂದ ಬಂಧಿಸುತ್ತದೆ. ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಒಪ್ಪಿದ್ದು ಇವು ಮೂರೂ ತನ್ನವೇ. ದೂರವಾಣಿಯನ್ನು ಬಿಟ್ಟೆನೆಂದು ಹೇಳಿ ದಿನಕ್ಕೆ ನಾಲ್ಕು ಸಲ ಮೊಮ್ಮಗನನ್ನು ಕರೆದು, ಅವರಿಗೆ ಹಚ್ಚು ಇವರಿಗೆ ಹಚ್ಚು ಎನ್ನುವ ಅಜ್ಜನು ಏನನ್ನೂ ಬಿಟ್ಟವನಲ್ಲ. ಅವನು ವಸ್ತುವನ್ನು ಇನ್ನೊಬ್ಬನ ಕೈಯಲ್ಲಿಟ್ಟು ಉಪಭೋಗವನ್ನು ತನ್ನಲ್ಲಿಯೇ ಇಟ್ಟುಕೊಂಡವನು. ಒಂಟಿಯಾಗಿರುವ ಮುದುಕಿಯೊಬ್ಬಳಿಗೆ ಮೊಬೈಲಿನ ಚಿಕ್ಕ ಅಕ್ಷರಗಳು ಕಾಣದಿದ್ದರೆ, ಅಥವಾ ಮಲೆನಾಡಿನ ಒಂಟಿಮನೆಯಲ್ಲಿ ಮೊಬೈಲಿನ ದನಿ ನಿಲ್ಲದಿದ್ದರೆ, ಆ ಮನೆಯ ದೂರವಾಣಿ ಅವಶ್ಯವಾದ ಸಾಧನ. ಅದನ್ನು ಮಕ್ಕಳು ತಮ್ಮ ಅನುಕೂಲಕ್ಕಾಗಿ ಕೀಳಿಸಿ, ಪರಿಗ್ರಹ ಕಡಿಮೆಯಾಯಿತೆಂದು ಹೇಳುವುದು ಇನ್ನೊಬ್ಬರ ಊಟವನ್ನು ತಪ್ಪಿಸಿ ತಾನು ಉಪವಾಸದ ಪುಣ್ಯವನ್ನು ಬರೆದುಕೊಂಡಂತೆ. ವೈಯಾವೃತ್ಯವನ್ನು ವ್ರತವೆಂದೇ ಎಣಿಸಿದ ಧರ್ಮದಲ್ಲಿ ಅಂಥ ತ್ಯಾಗಕ್ಕೆ ಸ್ಥಳವಿಲ್ಲ.

ಇಷ್ಟನ್ನು ವಿಚಾರಿಸಿದವರು, ಬೆಳಗಾವಿ ಸೀಮೆಯ ಆ ತಾಯಿ ದೂರವಾಣಿಯನ್ನು ಉಳಿಸಿಕೊಳ್ಳುವುದೇ ಸರಿಯೆಂದು ತೀರ್ಪು ಕೊಟ್ಟಾರು. ಆಕೆಗೆ ವಯಸ್ಸಾಗಿದೆ, ಯಂತ್ರವು ಪತಿಯ ವಹಿಯಲ್ಲಿ ಲೆಕ್ಕಕ್ಕೆ ಬಂದಿದೆ, ವ್ರತಕ್ಕೆ ವಿರೋಧವಿಲ್ಲ. ಮಗನೂ ಕೊನೆಗೆ ಹಾಗೆಯೇ ಎಣಿಸಿದನು. ದಶಲಕ್ಷಣ ಪರ್ವದಲ್ಲಿ ಒಂದು ಸಂಜೆ ಬಂದು, "ಇರಲಿ ಬಿಡವ್ವ, ಅಪ್ಪನ ನೆನಪಿಗೆ ಇರಲಿ, ಹೊಸಾ ತಂತಿ ಹಾಕಸ್ತೀನಿ" ಎಂದನು. ಆಗ ತಾಯಿ ಅದುವರೆಗೆ ಯಾರಿಗೂ ಹೇಳದಿದ್ದ ಮಾತನ್ನು ಹೇಳಿದರು.

ಯಜಮಾನರಿಗೆ ಒಬ್ಬ ತಮ್ಮನಿದ್ದನು. 1993ರಲ್ಲಿ ಹೊಲದ ಹಿಸ್ಸೆಯಾಗುವಾಗ ಬಾವಿಯ ನೀರಿನ ವಿಷಯದಲ್ಲಿ ಅಣ್ಣತಮ್ಮಂದಿರಿಗೆ ಮಾತು ಬಂದು, ತಮ್ಮನು ತನ್ನ ಪಾಲನ್ನು ಮಾರಿ ಇಚಲಕರಂಜಿಗೆ ಹೋಗಿ ಮಗ್ಗ ಹಾಕಿಕೊಂಡನು. ಮರುವರ್ಷ ಅನಂತ ಚತುರ್ದಶಿ ಕಳೆದು ಕ್ಷಮಾವಣಿಯ ದಿನ ಬೆಳಿಗ್ಗೆ ದೂರವಾಣಿ ಮೊಳಗಿತು. ಎತ್ತಿದವರು ತಾಯಿ. ಆ ಕಡೆಯಿಂದ "ಅಣ್ಣಾ" ಎಂಬ ದನಿ ಕೇಳಿಸಿತು. ಅವರು ಯಜಮಾನರ ಮುಖವನ್ನು ನೋಡಿದರು. ಯಾರೆಂದು ಅರಿತ ಯಜಮಾನರು ಬೇಡವೆಂದು ತಲೆಯಾಡಿಸಿದರು. ತಾಯಿ ಒಂದು ಮಾತನ್ನೂ ಆಡದೆ ಫೋನನ್ನು ಕೆಳಗಿಟ್ಟರು. ಮತ್ತೆ ಆ ತಮ್ಮನಿಂದ ಕರೆ ಬರಲಿಲ್ಲ. ಅಣ್ಣನು ತೀರಿಕೊಂಡಾಗ ಮಣ್ಣಿಗೂ ಅವನು ಬರಲಿಲ್ಲ. ಅಂದಿನಿಂದ ಪ್ರತಿವರ್ಷವೂ ಕ್ಷಮಾವಣಿಯ ದಿನ ತಾಯಿ ಬಸದಿಯಿಂದ ಬೇಗನೆ ಹಿಂದಿರುಗಿ ಆ ಯಂತ್ರದ ಬಳಿಯೇ ಕುಳಿತಿರುತ್ತಿದ್ದರು. ಆ ತಮ್ಮನಿಗೆ ಗೊತ್ತಿರುವುದು ಅದೊಂದೇ ನಂಬರು. ಅದು ಹೋದರೆ ದಾರಿಯೇ ಹೋಯಿತೆಂಬುದು ಅವರ ಭಯವಾಗಿತ್ತು.

ಇಲ್ಲಿ ಪ್ರಶ್ನೆಯ ರೂಪವೇ ಬದಲಾಗುತ್ತದೆ. ಹತ್ತು ಬಾಹ್ಯ ಪರಿಗ್ರಹಗಳಂತೆ ಹದಿನಾಲ್ಕು ಅಂತರಂಗ ಪರಿಗ್ರಹಗಳೂ ಉಂಟು. ಮಿಥ್ಯಾತ್ವ ಒಂದು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ನಾಲ್ಕು, ಹಾಸ್ಯ, ರತಿ, ಅರತಿ, ಶೋಕ, ಭಯ ಮೊದಲಾದ ನೋಕಷಾಯಗಳು ಒಂಬತ್ತು. ಯಜಮಾನರ ವಹಿಯಲ್ಲಿ ಚಮಚದವರೆಗೂ ಲೆಕ್ಕವಿತ್ತು. ತಮ್ಮನ ಮೇಲಿನ ಕ್ರೋಧವನ್ನು ಯಾವ ಪುಟದಲ್ಲಿಯೂ ಬರೆದಿರಲಿಲ್ಲ. ರೇಡಿಯೋವನ್ನು ಕೊಟ್ಟು ದೂರವಾಣಿಯನ್ನು ತಂದಾಗ ಸಂಖ್ಯೆ ಹೆಚ್ಚದಂತೆ ನೋಡಿಕೊಂಡ ಮನೆಯಲ್ಲಿ, ಎರಡು ವರ್ಷಗಳಲ್ಲಿಯೇ ಲೆಕ್ಕಕ್ಕೆ ಸಿಗದ ದೊಡ್ಡ ಪರಿಗ್ರಹವೊಂದು ಬಂದು ಕುಳಿತಿತ್ತು. ಇದರಿಂದ ಆ ಹಿರಿಯರ ವ್ರತವು ಸುಳ್ಳೆಂದು ಹೇಳಬಾರದು. ಹೊರಗಿನದನ್ನು ಬಿಡುವುದು ಒಳಗಿನದನ್ನು ಕಾಣುವುದಕ್ಕೆಂದು ತಿಳಿಯದಿದ್ದಲ್ಲಿ ಎಂಥ ನಿಷ್ಠಾವಂತನಾದರೂ ಅರ್ಧ ದಾರಿಯಲ್ಲಿ ನಿಲ್ಲುತ್ತಾನೆಂದಷ್ಟೆ ಹೇಳಬೇಕು.

ಹಾಗಾದರೆ ತಾಯಿಯ ಕಾಯುವಿಕೆ ಏನು? ಅದು ಕ್ಷಮೆಗಾಗಿ ತೆರೆದಿಟ್ಟ ಬಾಗಿಲೋ, ಅಥವಾ ಮೂರ್ಛೆಯೋ? ಹೊರಗಿನಿಂದ ನೋಡಿದವರಿಗೆ ಅದು ವಾತ್ಸಲ್ಯವೆಂದೇ ಕಾಣುವುದು. ಆದರೆ ತಾಯಿಗೆ ತಮ್ಮ ಮನಸ್ಸಿನ ಗುಟ್ಟು ತಿಳಿದಿತ್ತು. ಕ್ಷಮಾವಣಿಯ ದಿನ ಶ್ರಾವಕನು ಮಾಡತಕ್ಕದ್ದು ತಾನು ಕ್ಷಮಿಸುವುದು ಮತ್ತು ತಾನು ಕ್ಷಮೆ ಬೇಡುವುದು ಇವೆರಡೇ. ಇನ್ನೊಬ್ಬರು ಬಂದು ತನ್ನನ್ನು ಬೇಡಲಿ ಎಂದು ಕಾಯುವುದು ಯಾವ ವಿಧಿಯಲ್ಲಿಯೂ ಇಲ್ಲ. ಆ ತಮ್ಮನ ಮಕ್ಕಳೂ ಈ ಮನೆಯ ಮಗನೂ ಕೆಲವು ವರ್ಷಗಳಿಂದ ಮೊಬೈಲಿನಲ್ಲಿ ಮಾತಾಡುತ್ತಿದ್ದುದು ಆಕೆಗೆ ಗೊತ್ತಿತ್ತು. ನಂಬರು ಬೇಕೆಂದು ಒಂದು ಮಾತು ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ. ಕಾಯುವುದು ಸುಲಭ, ಕೇಳುವುದು ಕಷ್ಟ. ಕಾಯುತ್ತ ಕುಳಿತವರಿಗೆ ತಾವು ಏನೋ ಮಾಡುತ್ತಿದ್ದೇವೆಂಬ ಸಮಾಧಾನವಿರುತ್ತದೆ, ತಲೆ ತಗ್ಗಿಸುವ ಪ್ರಸಂಗ ಬರುವುದಿಲ್ಲ. ಮೂಲೆಯ ಆ ಯಂತ್ರವು ಇಪ್ಪತ್ತೆಂಟು ವರ್ಷ ಕಾದದ್ದು ತಮ್ಮನ ಕರೆಯನ್ನಲ್ಲ, ಈ ಮನೆಯ ಮಾನಕಷಾಯವನ್ನು.

ಇನ್ನೊಂದು ಸೂಕ್ಷ್ಮವಿತ್ತು. ಬೇಡವೆಂದು ತಲೆಯಾಡಿಸಿದವರು ಯಜಮಾನರು, ಕೆಳಗಿಟ್ಟ ಕೈ ತಾಯಿಯದು. ಅವರ ಅಪ್ಪಣೆಯಂತೆ ಮಾಡಿದೆನೆಂದು ಆಕೆ ಹೇಳಿಕೊಳ್ಳಬಹುದಾಗಿತ್ತು. ಕೃತ ಕಾರಿತಗಳ ವಿಚಾರವನ್ನು ಬಲ್ಲವರಿಗೆ ಆ ಸಮಾಧಾನ ಸಾಲದು. ಮಾಡಿಸಿದವನ ಕರ್ಮ ಮಾಡಿಸಿದವನಿಗೆ, ಮಾಡಿದವನ ಕರ್ಮ ಮಾಡಿದವನಿಗೆ. ಒಬ್ಬರು ಹೊತ್ತದ್ದರಿಂದ ಇನ್ನೊಬ್ಬರ ಹೊರೆ ಇಳಿಯುವುದಿಲ್ಲ. ಅದೇ ಕಾರಣದಿಂದ ಸತ್ತವರ ಪರವಾಗಿ ಬದುಕಿದವರು ಕ್ಷಮೆ ಬೇಡುವುದೂ ಆಗದು. ತಾಯಿ ಬೇಡಬಹುದಾದದ್ದು ತಮ್ಮ ಕೈ ಮಾಡಿದುದಕ್ಕೆ ಮಾತ್ರ.

ಆ ವರ್ಷ ಭಾದ್ರಪದ ಬಹುಳ ಪಾಡ್ಯದ ದಿನ ಬಸದಿಯಲ್ಲಿ ಎಲ್ಲರೂ ಪರಸ್ಪರ ಕೈಮುಗಿದಾದ ಮೇಲೆ ತಾಯಿ ಮನೆಗೆ ಬಂದು ಮಗನಿಂದ ನಂಬರನ್ನು ಕೇಳಿದರು. ಅವನು ತನ್ನ ಮೊಬೈಲನ್ನು ಮುಂದೆ ಹಿಡಿದನು. ಬೇಡವೆಂದು ಹೇಳಿ, ಅವರು ಪಡಸಾಲೆಯ ಹಳೆಯ ಯಂತ್ರದ ಬಳಿಗೇ ಹೋದರು. ಎಲ್ಲಿ ಕೆಳಗಿಟ್ಟರೋ ಅಲ್ಲಿಯೇ ಎತ್ತಬೇಕೆಂಬುದು ಅವರ ಮನಸ್ಸಾಗಿತ್ತು. 2021ರ ಜನವರಿಯಿಂದ ಮನೆಯ ದೂರವಾಣಿಯಿಂದ ಮೊಬೈಲಿಗೆ ಮಾತಾಡಬೇಕಾದರೆ ಮೊದಲು ಸೊನ್ನೆ ಒತ್ತಬೇಕು. ಮಗನು ಅದನ್ನು ತಿಳಿಸಿ ಪಕ್ಕದಲ್ಲಿ ನಿಂತನು. ಎತ್ತಿದವನು ಮೈದುನನೇ.

"ನಾನಪಾ, ನಿಮ್ಮ ವೈನಿ. ಆವತ್ತ ನೀ ಅಣ್ಣಾ ಅಂತ ಕರದಾಗ ಫೋನು ಇಟ್ಟಾಕಿ ನಾನು. ನಿಮ್ಮಣ್ಣ ಅಲ್ಲ. ನನ್ನ ತಪ್ಪಿಗೆ ಕ್ಷಮಾ ಬೇಡತೀನಿ."

ಆ ಕಡೆಯಿಂದ ಬಹಳ ಹೊತ್ತು ದನಿ ಬರಲಿಲ್ಲ. ಇಪ್ಪತ್ತೆಂಟು ವರ್ಷ ಆತನು ಅಣ್ಣನೇ ತನ್ನ ದನಿ ಕೇಳಿ ಫೋನು ಇಟ್ಟನೆಂದು ತಿಳಿದಿದ್ದನು. ಆ ನಂಬಿಕೆಯಿಂದಲೇ ಮಣ್ಣಿಗೂ ಬಾರದೆ ಉಳಿದವನು. ಕೊನೆಗೆ "ಆತು, ವೈನಿ" ಎಂದಷ್ಟೆ ಹೇಳಿ ಇಟ್ಟುಬಿಟ್ಟನು. ಕ್ಷಮಿಸಿದನೋ, ಹೊಸದಾಗಿ ನೊಂದನೋ ಯಾರಿಗೂ ತಿಳಿಯಲಿಲ್ಲ. ಕ್ಷಮೆ ಬೇಡುವವನ ಅಧಿಕಾರ ಬೇಡುವುದರಲ್ಲಿ ಮಾತ್ರ ಇದೆ. ಕೊಡುವುದು ಬಿಡುವುದು ಎದುರಿನವರ ಪರಿಣಾಮಕ್ಕೆ ಸೇರಿದ್ದು. ಕೊಟ್ಟರೆ ಮಾತ್ರ ಬೇಡುವೆನೆಂಬುದು ವ್ಯಾಪಾರವಾದೀತು, ಉತ್ತಮ ಕ್ಷಮೆಯಾಗದು.

ಒಂದು ವಾರ ಕಳೆದ ಮೇಲೆ ತಾಯಿ ತಾವಾಗಿಯೇ ಮಗನಿಗೆ, "ಇನ್ನ ಇದ್ದರೂ ಅಷ್ಟ, ಹೋದರೂ ಅಷ್ಟ. ನಿಂಗ ಹೆಂಗ ಅನಸತೈತಿ ಹಂಗ ಮಾಡು" ಎಂದರು. ಆಗ ಹಿಂದೆಗೆದವನು ಮಗ. "ಕಾಕಾ ತಿರುಗಿ ಫೋನು ಮಾಡಿದರ?" ಎಂದು ಕೇಳಿದನು. "ಅವಗ ಮನಸ್ಸಾದರ ದಾರಿ ಸಿಗತೈತಿ" ಎಂದು ತಾಯಿ ಉತ್ತರಿಸಿದರು. ಯಂತ್ರವನ್ನು ಒಪ್ಪಿಸಿ ಬಂದ ಠೇವಣಿಯನ್ನು ಬಸದಿಯ ಆಹಾರದಾನಕ್ಕೆ ಕೊಟ್ಟರು. ಯಜಮಾನರ ವಹಿಯಲ್ಲಿ ದೂರವಾಣಿಯೆಂಬ ಹೆಸರನ್ನು ತಾಯಿಯೇ ಹೊಡೆದರು, ಅದರ ಸ್ಥಾನದಲ್ಲಿ ಬೇರೊಂದನ್ನು ಬರೆಯಲಿಲ್ಲ.

ಇದರಿಂದ ಎಲ್ಲ ಮನೆಗಳವರೂ ದೂರವಾಣಿಯನ್ನು ಬಿಡಬೇಕೆಂಬ ತಾತ್ಪರ್ಯವಲ್ಲ. ಆ ತಾಯಿ ಉಳಿಸಿಕೊಂಡಿದ್ದರೂ ಅಂದಿನಿಂದ ಅದು ಪರಿಗ್ರಹವಾಗುತ್ತಿರಲಿಲ್ಲ, ಬರಿಯ ಉಪಕರಣವಾಗಿರುತ್ತಿತ್ತು. ಪರ್ವಕ್ಕೆ ಮುಂಚೆಯೇ ಬಿಟ್ಟಿದ್ದರೆ ಯಂತ್ರ ಮಾತ್ರ ಹೋಗಿ, ಅದರ ಕೆಳಗಿದ್ದುದು ಮನೆಯಲ್ಲಿಯೇ ಉಳಿಯುತ್ತಿತ್ತು. ಇಡುವುದು ಬಿಡುವುದು ಎರಡೂ ಸಮವೆಂದು ಮನಸ್ಸು ಯಾವಾಗ ಹೇಳುವುದೋ ಆಗ ಮಾಡಿದ ನಿರ್ಣಯವೇ ವ್ರತಕ್ಕೆ ಯೋಗ್ಯವಾದ ನಿರ್ಣಯ.

ವಿಚಾರಿಸುವ ಮನೆಗಳವರು ಮೂರು ಮಾತುಗಳನ್ನು ತಮ್ಮಲ್ಲಿಯೇ ಕೇಳಿಕೊಳ್ಳುವುದು ಒಳ್ಳೆಯದು. ಇದನ್ನು ಬಿಟ್ಟರೆ ಭಾರವು ಯಾರ ಮೇಲೆ ಬೀಳುವುದು? ಇಟ್ಟುಕೊಂಡರೆ ಇದರಿಂದ ಹೊರಹೋಗುವ ಮಾತು ಎಂಥದು? ಬಿಡಲು ಮನಸ್ಸು ಹಿಂಜರಿದರೆ, ಈ ವಸ್ತುವಿನ ಕೆಳಗೆ ಯಾವ ಕಷಾಯವು ಅಡಗಿ ಕುಳಿತಿದೆ? ಮೊದಲಿನ ಎರಡಕ್ಕೆ ಮನೆಯವರು ಕೂಡಿ ಉತ್ತರ ಹೇಳಬಹುದು. ಮೂರನೆಯದನ್ನು ಒಬ್ಬೊಬ್ಬರೂ ಸಾಮಾಯಿಕದಲ್ಲಿ ಕುಳಿತು ತಾವೇ ಕಂಡುಕೊಳ್ಳಬೇಕು. ಉಳಿಸಿಕೊಳ್ಳುವುದೆಂದು ತೀರ್ಮಾನವಾದರೆ ಅದಕ್ಕೊಂದು ಕಾಲದ ಮಿತಿ ಇರಲಿ. ಭೋಗೋಪಭೋಗಗಳ ತ್ಯಾಗದಲ್ಲಿ ಜೀವಮಾನದ ಯಮವೂ, ಕಾಲಮಿತಿಯುಳ್ಳ ನಿಯಮವೂ ಉಂಟಷ್ಟೆ. ಬರುವ ಅನಂತ ಚತುರ್ದಶಿಯವರೆಗೆ ಇರಲಿ, ಅಂದು ಮತ್ತೆ ವಿಚಾರಿಸೋಣವೆಂದು ನಿಯಮ ಮಾಡಿಕೊಳ್ಳಬಹುದು. ಸಾಮಾಯಿಕದ ಹೊತ್ತಿನಲ್ಲಿಯೂ ಪ್ರೋಷಧದ ದಿನದಲ್ಲಿಯೂ ಎತ್ತುವುದಿಲ್ಲವೆಂದು ಎಲ್ಲೆ ಹಾಕಿಕೊಳ್ಳಬಹುದು. ಇದೇ ಎಲ್ಲೆಯನ್ನು ಜೇಬಿನ ಮೊಬೈಲಿಗೂ ಹಾಕಿದವರಿಗೆ ವ್ರತದ ಫಲ ಹೆಚ್ಚಾಗಿ ದೊರೆಯುವುದು, ಏಕೆಂದರೆ ಇಂದಿನ ಮೂರ್ಛೆ ಹೆಚ್ಚಾಗಿ ಅಲ್ಲಿಯೇ ಇದೆ.

ಮನೆಯ ವಹಿಯಲ್ಲಿ ಬಾಹ್ಯದ ಹತ್ತು ಪುಟಗಳನ್ನು ಬರೆದಿಟ್ಟವರು ಹನ್ನೊಂದನೆಯ ಪುಟವನ್ನೂ ತೆರೆಯಲಿ. ಯಾರ ದನಿ ಕೇಳಿ ಒಂದು ದಿನ ಮಾತಾಡದೆ ಉಳಿದೆವೋ ಅವರ ಹೆಸರನ್ನು ಅಲ್ಲಿ ಬರೆಯಲಿ. ಮುಂದಿನ ಕ್ಷಮಾವಣಿಯೊಳಗೆ ಆ ಹೆಸರನ್ನು ಹೊಡೆಯುವಂತಾದರೆ, ಪಡಸಾಲೆಯ ಮೂಲೆಯಲ್ಲಿ ದೂರವಾಣಿ ಇದ್ದರೇನು, ಇಲ್ಲದಿದ್ದರೇನು?